ಸರ್ವರ್ ಆಫ್ ಮಾಡಿ ಎಂದವನು

ಗಿರಿಜಾ ಮೇಡಂ, ಆಯುಧಪೂಜೆಯ ದಿನ ಸರ್ವರ್ ಆಫ್ ಮಾಡಿ ಎಂದು ನಿಮಗೆ ಹೇಳಿದವನು ನಾನು. ಹಾಗೆ ಹೇಳಿಯೇ ಇಲ್ಲ ಎಂದು ಯಜಮಾನರ ಮುಂದೆ ಸುಳ್ಳಾಡಿದವನೂ ನಾನೇ. ಇಷ್ಟು ನಿಮಗೆ ಗೊತ್ತಿದೆ — ಫೋನಿನ ಆ ತುದಿಯಲ್ಲಿ ಇದ್ದದ್ದು ನೀವೇ ತಾನೆ. ಗೊತ್ತಿಲ್ಲದ್ದು ಇನ್ನೊಂದಿದೆ. ನೀವು ಆಫ್ ಮಾಡಿದ್ದರಿಂದಲೇ ಆ ಯಂತ್ರ ಕೆಟ್ಟಿತು ಎಂದು ಎಲ್ಲರ ಹಾಗೆ ನೀವೂ ನಂಬಿರಬಹುದು. ಅದು ಎಷ್ಟೋ ದಿನ ಮೊದಲೇ ಅರ್ಧ ಸತ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಆಫ್ ಮಾಡಿ ಎಂದೆ.

ಅರ್ಧ ಹೇಳಿ ಅರ್ಧ ನುಂಗುವುದು ನನ್ನ ಹಳೆಯ ಚಾಳಿ. ಅದನ್ನೇ ಜಾಣತನ ಎಂದುಕೊಂಡು ಬಂದವನು ನಾನು. ಅದಕ್ಕೇ ಈ ಸಲ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಬೇಸರವಾದರೂ ಓದಿ.

ರಾಜಾಜಿನಗರದ ನಮ್ಮ ಔಷಧಿ ಹೋಲ್‌ಸೇಲ್ ಕಂಪನಿಯಲ್ಲಿ ನೀವು ಅಕೌಂಟ್ಸ್ ವಿಭಾಗದ ಮುಖ್ಯಸ್ಥೆ, ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹೊನ್ನೇಗೌಡರು ನಮ್ಮಿಬ್ಬರಿಗೂ ಯಜಮಾನರು. ಮಹಡಿಯ ಮೇಲೊಂದು ಕೋಣೆಯಲ್ಲಿ ಆರು ಸರ್ವರ್‌ಗಳಿದ್ದವು. ಬಿಲ್ಲಿಂಗಿಗೆ ಒಂದು, ಸ್ಟಾಕಿಗೆ ಒಂದು, ಅಕೌಂಟ್ಸಿಗೆ, ಮೇಲ್‌ಗೆ, ಹಾಜರಿಗೆ ಒಂದೊಂದು. ಇವೆಲ್ಲದರ ಎರಡನೆಯ ಪ್ರತಿ ಇಟ್ಟುಕೊಳ್ಳಲು ಇನ್ನೊಂದು. ಅವನ್ನು ತಣ್ಣಗಿಡಲು ಎರಡು ಏಸಿ ಹಗಲೂ ರಾತ್ರಿ ಓಡುತ್ತಿದ್ದವು. ತಮಾಷೆಯೆಂದರೆ ಆ ಆರರಲ್ಲಿ ಯಾವುದಕ್ಕೂ ಮೈತುಂಬ ಕೆಲಸವಿರಲಿಲ್ಲ. ಹಾಜರಿಯ ಯಂತ್ರವಂತೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಣ್ಣು ಬಿಟ್ಟು ಉಳಿದ ಹೊತ್ತೆಲ್ಲ ಸುಮ್ಮನೆ ಕರೆಂಟು ತಿನ್ನುತ್ತಿತ್ತು.

ಆಗ ನಾನು ವರ್ಚುವಲೈಸೇಶನ್ ಎಂಬ ಮಾತನ್ನು ಆಫೀಸಿಗೆ ತಂದೆ. ಗೌಡರಿಗೆ ಹೇಗೆ ಹೇಳಿದೆ ಎಂದರೆ — ಆಗ ನಾನು ಗೋವಿಂದರಾಜನಗರದಲ್ಲಿ ಬಾಡಿಗೆಗೆ ಇದ್ದೆ — ನಮ್ಮ ಓನರ್ ಒಂದು ಮನೆಯನ್ನು ಆರು ಪೋರ್ಷನ್ ಮಾಡಿ ಬಾಡಿಗೆಗೆ ಬಿಟ್ಟ ಹಾಗೆ, ಸಾರ್. ಯಂತ್ರ ಒಂದೇ, ದೊಡ್ಡದು. ಅದರೊಳಗೆ ಆರು ಸರ್ವರ್‌ಗಳು ಬೇರೆ ಬೇರೆ ಇವೆಯೆಂದೇ ತಿಳಿದುಕೊಂಡು ಬದುಕುತ್ತವೆ. ಒಬ್ಬರ ತಂಟೆಗೆ ಒಬ್ಬರು ಬರುವುದಿಲ್ಲ. ಗೌಡರಿಗೆ ಅದು ತಕ್ಷಣ ಅರ್ಥವಾಯಿತು. ಅವರಿಗೂ ವಿಜಯನಗರದಲ್ಲಿ ಅಂಥ ಮನೆಗಳಿದ್ದವು.

ಇದರಲ್ಲಿ ಮೋಸವೇನೂ ಇರಲಿಲ್ಲ, ಇವತ್ತಿಗೂ ಆ ಮಾತಿಗೆ ಬದ್ಧ. ಕರೆಂಟ್ ಬಿಲ್ ಇಳಿಯಿತು. ಒಂದು ಏಸಿ ಬಿಚ್ಚಿ ಕೆಂಗೇರಿಯ ಗೋಡೌನಿಗೆ ಕಳಿಸಿದೆವು. ಆ ಗೋಡೌನಿಗೆ ಹೊಸ ಬಿಲ್ಲಿಂಗ್ ಸರ್ವರ್ ಬೇಕೆಂದಾಗ, ಹಿಂದಿನ ಹಾಗೆ ಆರ್ಡರ್ ಕೊಟ್ಟು ವಾರಗಟ್ಟಲೆ ಕಾಯದೆ, ಊಟ ಮುಗಿಸಿ ಬಂದು ಕುಳಿತು ಕಾಫಿ ಹೊತ್ತಿಗೆ ಎಬ್ಬಿಸಿ ಕೊಟ್ಟೆ. ಏನಾದರೂ ಬದಲಾವಣೆ ಮಾಡುವ ಮೊದಲು ಸರ್ವರಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟು, ಎಡವಟ್ಟಾದರೆ ಮತ್ತೆ ಅಲ್ಲಿಗೇ ಮರಳಬಹುದಾಗಿತ್ತು. ಮಹಡಿಯ ಕೋಣೆ ಖಾಲಿಯಾಯಿತು. ಗೌಡರು ಅಲ್ಲಿ ದೊಡ್ಡ ಮೇಜು, ಚರ್ಮದ ಕುರ್ಚಿಗಳನ್ನು ಹಾಕಿಸಿ ಮೀಟಿಂಗ್ ರೂಮ್ ಮಾಡಿಕೊಂಡರು. ಹೊಸ ಯಂತ್ರ ಕೆಳಗೆ, ನಿಮ್ಮ ಮೇಜಿನ ಪಕ್ಕದ ಗಾಜಿನ ಪಾರ್ಟಿಶನ್ನಿಗೆ ಬಂತು.

ಮೋಸ ಇದ್ದದ್ದು ನಾನು ಹೇಳದೆ ಬಿಟ್ಟದ್ದರಲ್ಲಿ. ಇಂಥ ವ್ಯವಸ್ಥೆಗೆ ಎರಡು ದೊಡ್ಡ ಯಂತ್ರಗಳು ಬೇಕು — ಒಂದು ಬಿದ್ದರೆ ಇನ್ನೊಂದು ಹೊರಬೇಕು. ಮೊದಲ ದಿನ ಎರಡು ಎಂದೇ ಕೇಳಿದ್ದೆ. ಗೌಡರು ನಕ್ಕರು. "ಒಂದ್ರಲ್ಲೇ ಎಲ್ಲಾ ಆಗತ್ತೆ ಅಂತ ನೀನೇ ಅಂದ್ಯಲ್ಲೋ ಮೋಹನ. ಮತ್ತೆ ಎರಡ್ಯಾಕೆ?" ಆ ಗಳಿಗೆಯಲ್ಲಿ ಒಂದು ನಿಮಿಷ ಹಟ ಹಿಡಿದು ವಿವರಿಸಿದ್ದರೆ ಸಾಕಿತ್ತು. ಯೋಜನೆಯೇ ಬಿದ್ದುಹೋಗುತ್ತದೆ, ಬರಲಿರುವ ಹೆಸರು ತಪ್ಪುತ್ತದೆ ಎಂದು — ಆಯ್ತು ಸಾರ್, ಒಂದರಲ್ಲೇ ಮಾಡೋಣ ಎಂದೆ. ಜೊತೆಗೆ ಇನ್ನು ಐದು ವರ್ಷ ಒಂದು ಪೈಸೆ ಖರ್ಚಿಲ್ಲ ಎಂದು ಕೇಳದಿದ್ದರೂ ಮಾತು ಕೊಟ್ಟೆ. ಎರಡನೆಯ ಪ್ರತಿ ಇಟ್ಟುಕೊಳ್ಳುವ ಸರ್ವರನ್ನೂ ಅದೇ ಯಂತ್ರದ ಒಳಗೆ ಕೂರಿಸಿದೆ. ಗೌಡರಿಗೆ ತೋರಿಸಿದ ಚಿತ್ರದಲ್ಲಿ ಮಾತ್ರ ಅದಕ್ಕೆ ದೂರದಲ್ಲಿ ಬೇರೆಯೇ ಒಂದು ಚೌಕ ಬರೆದಿದ್ದೆ, ಹಸಿರು ಬಣ್ಣ ತುಂಬಿ. ನೋಡಿದವರಿಗೆ ಅದು ಇನ್ನೆಲ್ಲೋ ಇನ್ನೊಂದು ಊರಿನಲ್ಲಿ ಭದ್ರವಾಗಿದೆ ಎನ್ನಿಸಬೇಕು, ಹಾಗೆ.

ಆ ಸದ್ದು ನಿಮಗೆ ನೆನಪಿರಬಹುದು. ದಸರೆಗೆ ಕೆಲವು ವಾರ ಮೊದಲು ಗಾಜಿನ ಹಿಂದಿನಿಂದ ಕೀ ಕೀ ಎಂದು ಬಿಡದೆ ಬರುತ್ತಿತ್ತಲ್ಲ. ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿದ್ದ ನೀವು ಎದ್ದು ಬಂದು, ಏನೋ ಕೂಗ್ತಾ ಇದೆ ನೋಡು ಮೋಹನ್ ಎಂದಿರಿ. ನಾನು ನೋಡಿದೆ. ಒಳಗಿನ ಡಿಸ್ಕುಗಳಲ್ಲಿ ಒಂದು ಸತ್ತಿತ್ತು. ಒಂದು ಸತ್ತರೆ ಉಳಿದವು ಹೇಗೋ ಭಾರ ಹೊರುತ್ತವೆ. ಎರಡನೆಯದು ಸತ್ತರೆ ಎಲ್ಲ ಹೋಯಿತು. ಅದಕ್ಕೇ ಯಂತ್ರ ಕೂಗುತ್ತದೆ. ಹೊಸ ಡಿಸ್ಕಿಗೆ ಗೌಡರ ಸಹಿ ಬೇಕಿತ್ತು. ಪೈಸೆ ಖರ್ಚಿಲ್ಲ ಎಂದವನು ಇಷ್ಟು ಬೇಗ ಹೇಗೆ ಹೋಗಿ ನಿಲ್ಲಲಿ — ಹಬ್ಬ ಕಳೆಯಲಿ, ಆಮೇಲೆ ನೋಡೋಣ ಎಂದುಕೊಂಡು ಸದ್ದನ್ನು ಮಾತ್ರ ನಿಲ್ಲಿಸಿದೆ. ಏನಿಲ್ಲ ಮೇಡಂ, ಸರಿ ಹೋಯ್ತು ಎಂದೆ. ನೀವು ಥ್ಯಾಂಕ್ಸ್ ಹೇಳಿ ಹೋಗಿ ಕುಳಿತಿರಿ.

ನಮ್ಮಲ್ಲಿ ಆಯುಧಪೂಜೆಗೆ ಯಂತ್ರಗಳಿಗೆ ವಿಶ್ರಾಂತಿ ಕೊಡುವ ಪದ್ಧತಿ. ಡೆಲಿವರಿ ವ್ಯಾನುಗಳಿಂದ ಹಿಡಿದು ತೂಕದ ಯಂತ್ರದವರೆಗೆ ಎಲ್ಲವೂ ಒಮ್ಮೆ ನಿಲ್ಲಬೇಕು, ನಿಂತ ಮೇಲೆಯೇ ಮಂಗಳಾರತಿ. ಗೌಡರು ಇದರಲ್ಲಿ ಬಲು ಕಟ್ಟುನಿಟ್ಟು. ಓಡುವ ಯಂತ್ರಕ್ಕೆ ಪೂಜೆ ಮಾಡಿದರೆ ಸಲ್ಲುವುದಿಲ್ಲ ಎನ್ನುವವರು. ಯಂತ್ರ ಕೆಡುವುದಕ್ಕೆ ಹಿಂದಿನ ವರ್ಷ ನಾನು ಮಾನಿಟರ್ ಮಾತ್ರ ಆರಿಸಿ, ಆಫ್ ಆಗಿದೆ ಸಾರ್ ಎಂದು ಅವರನ್ನು ಏಮಾರಿಸಿದ್ದೆ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕನ್ನು ನಿಲ್ಲಿಸಿದರೆ ಅದು ಮತ್ತೆ ತಿರುಗುತ್ತದೆ ಎಂಬ ನಂಬಿಕೆ ಇರುವುದಿಲ್ಲ ಎಂದು ಈ ಕೆಲಸದಲ್ಲಿರುವ ಯಾರಿಗಾದರೂ ಗೊತ್ತು. ನೀವು ಅದರ ಮೇಲೆ ವಿಭೂತಿಯ ಮೂರು ಗೆರೆ ಎಳೆದು ಹೂ ಏರಿಸಿದಿರಿ, ಒಳಗೆ ಅದು ಓಡುತ್ತಲೇ ಇತ್ತು. ಆ ಗುಟ್ಟನ್ನು ನಿಮಗೂ ಹೇಳಲಿಲ್ಲ. ಹೇಳಿದ್ದರೆ ಮುಂದಿನ ವರ್ಷ ನೀವು ಫೋನ್ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಯಂತ್ರ ಕೆಟ್ಟ ವರ್ಷ ನಾನು ಪೂಜೆಗೆ ಬರಲಿಲ್ಲ. ಕೆಂಗೇರಿಯಲ್ಲಿ ನಮ್ಮ ಮಾವ ಹೊಸ ಕಾರು ತಂದಿದ್ದರು. ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹೆಂಡತಿಯ ಕಡೆಯ ನೆಂಟರೆಲ್ಲ ಸುತ್ತ ನಿಂತಿದ್ದಾಗ ನಿಮ್ಮ ಫೋನ್ ಬಂತು. ಗೌಡರು ಎಲ್ಲಾ ಆಫ್ ಮಾಡಿ ಅಂತಿದಾರೆ, ಎಂದು ಶುರುಮಾಡಿದಿರಿ. "ಈ ದೊಡ್ಡದನ್ನೂ ಮಾಡ್ಲೇನು ಮೋಹನ್? ನನಗ್ಯಾಕೋ ಭಯ."

ಮಾನಿಟರ್ ಒಂದನ್ನು ಆರಿಸಿ ಸಾಕು — ಅಷ್ಟೇ ಹೇಳಬೇಕಿತ್ತು. ಹೇಳಬಹುದಿತ್ತು. ಆದರೆ ನೆಂಟರು ಕೇಳಿಸಿಕೊಳ್ಳುತ್ತಿದ್ದರು. ಅಳಿಯನ ಒಂದು ಮಾತಿಗೆ ರಾಜಾಜಿನಗರದಲ್ಲಿ ಒಂದು ಆಫೀಸು ನಿಲ್ಲುತ್ತದೆ, ನಡೆಯುತ್ತದೆ ಎಂದು ಅವರಿಗೆ ಗೊತ್ತಾಗಲಿ ಎನ್ನಿಸಿತು. ಬೇಕೆಂದೇ ಗಟ್ಟಿಯಾಗಿ ಹೇಳಿದೆ: "ಬಟನ್ ಒತ್ತಿ ಹಿಡ್ಕೊಳ್ಳಿ ಮೇಡಂ, ಆಫ್ ಆಗತ್ತೆ. ಏನೂ ಆಗಲ್ಲ, ನಾನಿದೀನಲ್ಲ."

ಸತ್ತ ಡಿಸ್ಕಿನ ನೆನಪು ಆಗ ಬರಲಿಲ್ಲ ಎಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡೆ. ಬಂದಿತ್ತು, ಮೇಡಂ. ಫೋನ್ ಜೇಬಿಗೆ ಹಾಕುವಾಗಲೇ ಬಂದಿತ್ತು. ತಿರುಗಿ ಮಾಡಲಿಲ್ಲ.

ರಜೆ ಕಳೆದು ಹೋದರೆ ಯಂತ್ರ ಎದ್ದೇಳಲಿಲ್ಲ. ಇನ್ನೊಂದು ಡಿಸ್ಕೂ ಹೋಗಿತ್ತು. ಬಿಲ್ಲಿಂಗು, ಸ್ಟಾಕು, ನಿಮ್ಮ ಲೆಕ್ಕಗಳು, ಅವುಗಳ ಎರಡನೆಯ ಪ್ರತಿ, ಎಲ್ಲ ಒಟ್ಟಿಗೆ. ಯಾವ ಔಷಧಿ ಯಾವ ಬ್ಯಾಚಿನದು, ಯಾವುದರ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದೇ ಗೊತ್ತಿಲ್ಲದೆ ಒಂದು ಮಾತ್ರೆಯನ್ನೂ ಹೊರಗೆ ಕಳಿಸುವಂತಿರಲಿಲ್ಲ. ಆಸ್ಪತ್ರೆಗಳಿಂದ ಫೋನು ಬರುತ್ತಲೇ ಇತ್ತು. ಕೆಂಗೇರಿ ಗೋಡೌನಿನವರು ಪೆಟ್ಟಿಗೆಗಳನ್ನು ಒಂದೊಂದಾಗಿ ಒಡೆದು ಓದಿ ಬರೆದುಕೊಂಡರು. ನೀವೂ ಸೆರಗು ಸಿಕ್ಕಿಸಿಕೊಂಡು ಅವರ ಜೊತೆ ನೆಲದ ಮೇಲೆ ಕುಳಿತಿದ್ದಿರಿ. ನಾನು ಸತ್ತ ಯಂತ್ರದ ಮುಂದೆ ಕುಳಿತು ಬಹಳ ಕೆಲಸವಿರುವವನಂತೆ ಮುಖ ಮಾಡಿಕೊಂಡಿದ್ದೆ.

ಗೌಡರು ನಮ್ಮಿಬ್ಬರನ್ನೂ ಮೇಲೆ ಕರೆಸಿದರು. ನನ್ನ ಯೋಜನೆಯಿಂದ ಖಾಲಿಯಾಗಿ ಚೆಂದವಾದ ಅದೇ ಮೀಟಿಂಗ್ ರೂಮು. ಯಾರು ಆಫ್ ಮಾಡಿದ್ದು ಎಂದರು. ನಾನೇ ಸಾರ್, ಮೋಹನ್‌ನ ಕೇಳಿ ಮಾಡ್ದೆ, ಎಂದಿರಿ ನೀವು. ಗೌಡರು ನನ್ನ ಕಡೆ ತಿರುಗಿದರು. ಎಲ್ಲರ ಎದುರಿಗೆ ಎಲ್ಲ ಆಫ್ ಮಾಡಿ ಎಂದು ಅಪ್ಪಣೆ ಕೊಟ್ಟವರು ಅವರೇ. ಅದು ಅವರಿಗೂ ನೆನಪಿತ್ತು, ಬೇರೆ ಯಾರ ತಲೆಯ ಮೇಲಾದರೂ ಇದು ಕೂತರೆ ಸಾಕಿತ್ತು. ನಾನು ಹೇಳಿದೆ: "ಇಲ್ಲ ಸಾರ್. ನನ್ನ ಕೇಳಿಲ್ಲ. ಕೇಳಿದ್ರೆ ಬೇಡ ಅಂತಿದ್ದೆ."

ಆಗ ನಿಮ್ಮ ಕೈಯಲ್ಲಿ ಮೊಬೈಲ್ ಇತ್ತು. ಅದನ್ನು ತೆರೆದು ಆ ದಿನದ ಕರೆಯನ್ನು ಗೌಡರಿಗೆ ತೋರಿಸಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನೀವು ನನ್ನ ಮುಖ ನೋಡಿದಿರಿ. ಸಿಟ್ಟಿರಲಿಲ್ಲ — ಈಗಾದರೂ ಹೇಳುತ್ತಾನೇನೋ ಎಂದು ಕಾಯುವವರ ನೋಟ. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿ ನೋಡುತ್ತ ಕುಳಿತೆ. ನೀವು ಮೊಬೈಲನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಿರಿ. ಯಾಕೆ ತೋರಿಸಲಿಲ್ಲ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮನ್ನು ಕೆಲಸದಿಂದ ತೆಗೆಯಲಿಲ್ಲ ಎಂದು ಆಫೀಸಿನಲ್ಲಿ ಗೌಡರನ್ನು ಹೊಗಳಿದರು. ಅಕೌಂಟ್ಸಿನ ಮುಖ್ಯಸ್ಥೆಯನ್ನು ಕೆಂಗೇರಿ ಗೋಡೌನಿಗೆ ಪೆಟ್ಟಿಗೆ ಎಣಿಸಲು ಹಾಕಿದರು. ಬಸವೇಶ್ವರನಗರದಿಂದ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಿರಿ. ಕೆಲವು ತಿಂಗಳು ನೋಡಿ ನೀವೇ ರಾಜೀನಾಮೆ ಕೊಟ್ಟಿರಿ. ಅಷ್ಟು ವರ್ಷ ಒಂದು ರೂಪಾಯಿಯ ವ್ಯತ್ಯಾಸ ಬಿಡದೆ ಲೆಕ್ಕ ಇಟ್ಟವರಿಗೆ ಅಜಾಗರೂಕರು ಎಂಬ ಹೆಸರು ಅಂಟಿತು.

ನಾನು? ನಾನು ಬೆಳೆದೆ. ಗೌಡರು ಮಾತಿಲ್ಲದೆ ಎರಡನೆಯ ಯಂತ್ರಕ್ಕೆ ಸಹಿ ಹಾಕಿದರು. ಇಂಥವರಿಂದ ಕಾಪಾಡಿಕೊಳ್ಳಬೇಕಲ್ಲ ಎಂದರು. ಈಗ ಒಂದು ಬಿದ್ದರೆ ಇನ್ನೊಂದು ತಾನಾಗಿ ಹೊರುತ್ತದೆ. ಅಕ್ಕಪಕ್ಕದ ಕಂಪನಿಯವರು ಬಂದು ನೋಡಿದರು. ಇಲ್ಲಿಯ ವ್ಯಾಪಾರಿಗಳ ಸಂಘದವರು ವರ್ಚುವಲೈಸೇಶನ್‌ನಿಂದ ಉದ್ಯಮಕ್ಕೆ ಏನು ಲಾಭ ಎಂದು ಮಾತಾಡಲು ಕರೆದರು. ಮೊದಲ ಸಲ ಕರೆಂಟು, ಜಾಗ, ಸಮಯ ಎಂದು ಹೇಳುತ್ತ ಹೋದರೆ ಜನ ಆಕಳಿಸಿದರು. ಆಗ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಆಗ ನಿಮ್ಮ ಕಥೆ ಹೇಳಿದೆ. ನಮ್ಮ ಆಫೀಸಿನ ಮೇಡಂ ಒಬ್ಬರು ಸರ್ವರಿಗೆ ಪೂಜೆ ಮಾಡಿ ಮೋಕ್ಷ ಕೊಟ್ಟರು ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನನ್ನು ಮತ್ತೆ ಮತ್ತೆ ಕರೆದರು. ಪ್ರತಿ ಸಲ ಸ್ವಲ್ಪ ಬಣ್ಣ ಹಚ್ಚಿದೆ. ಒಂದು ಸಲ ನೀವು ತೆಂಗಿನಕಾಯಿ ನೀರು ಚೆಲ್ಲಿದಿರಿ, ಇನ್ನೊಂದು ಸಲ ಫ್ಯಾನಿಗೆ ಕುಂಕುಮ ಸುರಿದಿರಿ. ಹೆಸರು ಹೇಳುತ್ತಿರಲಿಲ್ಲ, ಅದನ್ನೇ ಸಭ್ಯತೆ ಎಂದುಕೊಂಡಿದ್ದೆ. ಆದರೆ ಈ ವ್ಯಾಪಾರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಪೂಜೆ ಮೇಡಂ ಎಂದರೆ ಯಾರೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಹೊರಗಿನಿಂದ ನೋಡುವವರಿಗೆ ನಾನು ಸುಖವಾಗಿದ್ದೇನೆ. ನಿಜ ಹೇಳಲೇ? ಆ ಗಾಜಿನ ಪಾರ್ಟಿಶನ್ನಿನಿಂದ ನಾನು ಹೊರಗೆ ಬರಲೇ ಇಲ್ಲ. ಒಳ್ಳೆಯ ಕಂಪನಿಗಳು ಕರೆದವು, ಹೋಗಲಿಲ್ಲ. ನಾನು ಬಿಟ್ಟರೆ ಹೊಸಬ ಬರುತ್ತಾನೆ, ಹಳೆಯ ವ್ಯವಸ್ಥೆ ಹೇಗಿತ್ತು ಎಂದು ಕೆದಕುತ್ತಾನೆ, ಎರಡನೆಯ ಪ್ರತಿ ಎಲ್ಲಿತ್ತು ಎಂದು ಕೇಳುತ್ತಾನೆ. ಕೈಕೆಳಗೆ ಒಬ್ಬರನ್ನೂ ಇಟ್ಟುಕೊಳ್ಳಲಿಲ್ಲ, ಪಾಸ್‌ವರ್ಡ್ ಯಾರಿಗೂ ಕೊಡಲಿಲ್ಲ. ಊರಿಗೆ ಹೋದರೆ ಎರಡನೆಯ ದಿನವೇ ಫೋನು. ಮಗಳ ಶಾಲೆಯ ಕಾರ್ಯಕ್ರಮದ ಮಧ್ಯೆ ಫೋನು. ಯಂತ್ರಕ್ಕೆ ಜೊತೆ ಸಿಕ್ಕಿತು, ನನಗೆ ಸಿಗಲಿಲ್ಲ; ಸಿಗದಂತೆ ನಾನೇ ನೋಡಿಕೊಂಡೆ. ಗೌಡರು ಪ್ರತಿ ಆಯುಧಪೂಜೆಗೆ ನನ್ನ ಕೈಯಲ್ಲೇ ಮಂಗಳಾರತಿ ಎತ್ತಿಸುತ್ತಾರೆ. ಈಗ ಯಂತ್ರವನ್ನು ನಿಲ್ಲಿಸುವ ಮಾತಿಲ್ಲ. ಎಲ್ಲರೂ ನಿಮ್ಮನ್ನು ನೆನೆದು ನಗುತ್ತಾರೆ, ನಾನು ತಟ್ಟೆ ಹಿಡಿದು ನಿಂತಿರುತ್ತೇನೆ.

ಇದನ್ನೆಲ್ಲ ನುಂಗಿಕೊಂಡು ಹೀಗೆಯೇ ಇದ್ದುಬಿಡುತ್ತಿದ್ದೆನೋ ಏನೋ. ಹೋದ ತಿಂಗಳು ಕಾಮಾಕ್ಷಿಪಾಳ್ಯದ ಒಂದು ಕಂಪನಿಯಿಂದ ಫೋನ್ ಬಂತು. ನಿಮ್ಮನ್ನು ಅಕೌಂಟ್ಸಿಗೆ ತೆಗೆದುಕೊಳ್ಳುವ ಯೋಚನೆಯಿದೆ, ನೀವು ಮೊದಲು ಇಲ್ಲಿದ್ದವರಲ್ಲವೇ ಎಂದು ವಿಚಾರಿಸಿದರು. ಈ ವಯಸ್ಸಿನಲ್ಲಿ ನೀವು ಮತ್ತೆ ಕೆಲಸ ಕೇಳಿಕೊಂಡು ಹೊರಟಿದ್ದೀರಿ ಎಂದರೆ ಮನೆಯಲ್ಲಿ ಏನಾಗಿರಬಹುದು ಎಂದು ಒಂದು ಗಳಿಗೆ ಮನಸ್ಸು ಎಲ್ಲೋ ಹೋಯಿತು. ಆತ ನನ್ನ ಭಾಷಣ ಕೇಳಿದ್ದವನು. ದನಿ ತಗ್ಗಿಸಿ ನಗುತ್ತ ಕೇಳಿದ: "ಸಾರ್, ನಿಮ್ ಪೂಜೆ ಮೇಡಂ ಇವರೇನಾ?"

ಅಲ್ಲ ಎನ್ನಬಹುದಿತ್ತು. ಹೌದು, ಆದರೆ ತಪ್ಪು ಅವರದಲ್ಲ ಎನ್ನಬಹುದಿತ್ತು. ನಾನು ನಕ್ಕೆ ಮೇಡಂ. ಅಭ್ಯಾಸ. ನಕ್ಕು, ಹೌದು ಎಂದೆ.

ಮೊದಲಿನ ಸುಳ್ಳನ್ನು ಭಯಕ್ಕೆ ಹೇಳಿದ್ದೆ. ಈ ಹೌದು ಎನ್ನಲು ನನಗೆ ಯಾವ ಭಯವೂ ಇರಲಿಲ್ಲ. ಮರುದಿನ ಗೌಡರ ಮುಂದೆ ನಿಂತು ಎಲ್ಲ ಹೇಳಿದೆ. ಸತ್ತ ಡಿಸ್ಕು, ನಿಲ್ಲಿಸಿದ ಸದ್ದು, ಹಸಿರು ಚೌಕ, ಫೋನು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ್ಯಾಕೋ ಅದೆಲ್ಲ? ಆಯಮ್ಮ ಹೋಗಿ ಎಷ್ಟು ಕಾಲ ಆಯ್ತು. ಹೊರಗೆ ಎಲ್ಲೂ ಬಾಯಿ ಬಿಡಬೇಡ. ನಿನ್ನ ಕಳಿಸಿದ್ರೆ ಸರ್ವರ್ ಯಾರು ನೋಡ್ತಾರೆ?" ಅಷ್ಟು ಹೇಳಿ ಮುಂದಿನ ಫೈಲು ಎಳೆದುಕೊಂಡರು. ಶಿಕ್ಷೆಯಾದೀತು ಎಂದುಕೊಂಡು ಹೋದವನಿಗೆ ಅದೂ ಸಿಗಲಿಲ್ಲ. ಬಾಗಿಲು ನಾನೇ ಒಳಗಿನಿಂದ ಹಾಕಿಕೊಂಡಿದ್ದೆ; ಈಗ ಅವರೂ ಹೊರಗಿನಿಂದ ಚಿಲಕ ಹಾಕಿದರು.

ಕಾಮಾಕ್ಷಿಪಾಳ್ಯಕ್ಕೆ ನಾನೇ ಫೋನ್ ಮಾಡಿ ನಿಜ ಹೇಳಿದೆ. ಬೇರೆಯವರನ್ನು ತೆಗೆದುಕೊಂಡಾಯಿತು ಎಂದರು. ನೀವೀಗ ಮಲ್ಲತ್ತಹಳ್ಳಿಯಲ್ಲಿದ್ದೀರಿ ಎಂದು ವಿಚಾರಿಸಿ ತಿಳಿದು, ಭಾನುವಾರ ನಿಮ್ಮ ಬೀದಿಯವರೆಗೂ ಬಂದಿದ್ದೆ. ಕೆರೆಯ ಬದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದು ಹಾಗೇ ಹಿಂತಿರುಗಿದೆ. ಎದುರಿಗೆ ಬಂದು ಕೈಮುಗಿದರೆ ನೀವು ಒಳಗೆ ಕರೆದು ಕಾಫಿ ಕೊಡುತ್ತೀರಿ, ಇರಲಿ ಬಿಡು ಎನ್ನುತ್ತೀರಿ. ಹಾಗೆ ನಿಮ್ಮಿಂದ ಬಿಡಿಸಿಕೊಂಡು ಹಗುರಾಗಲು ನನಗೆ ಯಾವ ಹಕ್ಕಿದೆ?

ಕ್ಷಮಿಸಿ ಎಂದು ಈ ಪತ್ರದಲ್ಲಿ ಕೇಳುವುದಿಲ್ಲ. ಬರುವ ವಾರ ಸಂಘದ ಸಭೆಯಲ್ಲಿ ನನ್ನ ಭಾಷಣವಿದೆ. ಜನ ನಗುವ ಜಾಗ ಬಂದಾಗ ಇಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ. ಗೌಡರಿಗೂ ಅದನ್ನು ತಿಳಿಸಿದ್ದೇನೆ. ಪಾಸ್‌ವರ್ಡುಗಳನ್ನೆಲ್ಲ ಲಕೋಟೆಯಲ್ಲಿ ಹಾಕಿ ಅವರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಕಳಿಸಿದರೆ ಹೋಗುತ್ತೇನೆ.

ಇದು ನಿಮ್ಮ ಕೈಗೆ ಬಂದ ಮೇಲೆ ನಿಮ್ಮದು. ಇನ್ನು ಎಲ್ಲಿಗಾದರೂ ಕೆಲಸ ಕೇಳಿಕೊಂಡು ಹೋದರೆ, ಅವರು ಆ ಹಳೆಯ ಕಥೆ ಎತ್ತಿದರೆ, ಇದನ್ನು ತೆಗೆದು ಅವರ ಮುಂದಿಡಿ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಅನುಮಾನವಿದ್ದವರು ನನ್ನನ್ನೇ ಕೇಳಲಿ — ಎಷ್ಟು ಸಲ ಕೇಳಿದರೂ, ಯಾರ ಎದುರಿಗೆ ಕೇಳಿದರೂ, ಆಫ್ ಮಾಡಿ ಎಂದವನು ನಾನೇ ಎಂದು ಹೇಳುತ್ತೇನೆ.